ಕಾಲುವೆಗೆ ಅಡ್ಡಲಾಗಿ ನಿಂತ ಗೇರ್ ಬಾಕ್ಸ್ ಮಹಾಶಯರಿಗೆ

ಮಾನ್ಯರೇ,

ಊರೆಲ್ಲ ‘ನೀಲಿ ಹೋರಿ’ ಎಂದು ಕರೆಯುವ, ಮುಂದೆ ಮಣ್ಣು ತಳ್ಳುವ ಹಲಗೆಯೂ ಹಿಂದೆ ನೆಲ ಅಗೆಯುವ ತೋಳೂ ಇರುವ ಹಳೆಯ ಟ್ರ್ಯಾಕ್ಟರಿನ ಹೊಟ್ಟೆಯೊಳಗೆ, ಹಗಲಿರುಳು ಎಣ್ಣೆಯಲ್ಲಿ ಮುಳುಗಿ, ಯಾರ ಕಣ್ಣಿಗೂ ಬೀಳದೆ, ಆದರೆ ಎಲ್ಲರ ಕಿವಿಗೂ ಬೀಳುತ್ತ ವಿರಾಜಮಾನರಾಗಿರುವ ಗೇರ್ ಬಾಕ್ಸ್ ಮಹಾಶಯರ ಸನ್ನಿಧಾನಕ್ಕೆ, ತಲಾಸ್ ಕಣಿವೆಯ ಎಕಿ-ತೆರೆಕ್ ಗ್ರಾಮದ ನೀರುಗಂಟಿಯಾದ ಎಸೆಂಗುಲ್ ಎಂಬ ನಾನು ಮಾಡುವ ಅನಂತ ಸಲಾಮುಗಳು. ನಾವೆಲ್ಲ ಇಲ್ಲಿ ಕ್ಷೇಮ. ತಮ್ಮ ಬೇರಿಂಗುಗಳು ತಂಪಾಗಿವೆಯೆಂದೂ, ಸೀಲುಗಳು ಸೋರುತ್ತಿಲ್ಲವೆಂದೂ, ಉಳಿದ ಹಲ್ಲುಗಳೆಲ್ಲ ಸ್ವಸ್ಥಾನದಲ್ಲಿವೆಯೆಂದೂ ನಂಬಿದ್ದೇನೆ.

ಈ ಪತ್ರವನ್ನು ತಮಗೊಬ್ಬರಿಗೇ ಗುಟ್ಟಾಗಿ ಬರೆಯಬಹುದಿತ್ತು. ಆದರೆ ತಾವು ಕೆಟ್ಟದ್ದು ಗುಟ್ಟಾಗಿ ಅಲ್ಲ. ಊರಿನ ಕಾಲುವೆಯ ನಟ್ಟನಡುವೆ, ಊರಿನ ನೀರಿನ ಸರದಿಯ ದಿನ, ಊರಿನವರೆಲ್ಲ ದಂಡೆಯ ಮೇಲೆ ನಿಂತು ನೋಡುತ್ತಿರುವಾಗ ಕೆಟ್ಟಿರಿ. ಆದ್ದರಿಂದ ದೂರೂ ಅಷ್ಟೇ ಬಹಿರಂಗವಾಗಿರುವುದು ತಮ್ಮ ಘನತೆಗೆ ತಕ್ಕದ್ದೆಂದು ಭಾವಿಸಿದ್ದೇನೆ.

ಮೊದಲಿಗೆ, ತಾವು ಸಾಮಾನ್ಯರಲ್ಲವೆಂದು ಒಪ್ಪಿಕೊಳ್ಳುತ್ತೇನೆ. ತಮ್ಮ ಓರಗೆಯವರೆಲ್ಲ ಎಂದೋ ಕರಗಿ ಸಲಿಕೆಗಳೂ ಮಂಚದ ಕಾಲುಗಳೂ ಆಗಿಹೋದರು. ಸಾಮೂಹಿಕ ಬೇಸಾಯವನ್ನು ಒಡೆದು ಊರವರಿಗೆ ಹಂಚಿದಾಗ ಬುದ್ಧಿ ಇದ್ದವರೆಲ್ಲ ಕುರಿ ತೆಗೆದುಕೊಂಡರು. ತೆಮಿರ್‌ಕುಲ್ ತಮ್ಮನ್ನು ತೆಗೆದುಕೊಂಡ. ಅವನ ಹೆಂಡತಿ ಬುರ್ಮಾಕಾನ್ ಆ ದಿನ ಆಡಿದ ಮಾತು ಇವತ್ತಿಗೂ ಊರಿನಲ್ಲಿ ಓಡಾಡುತ್ತದೆ: “ಕುರಿ ಕಾಲು ಮುರ್ಕೊಂಡ್ರೆ ನಾವು ಅದನ್ನ ತಿನ್ನಬಹುದು. ಇದು ಕಾಲು ಮುರ್ಕೊಂಡ್ರೆ ನಮ್ಮನ್ನೇ ತಿನ್ನುತ್ತೆ.” ತೆಮಿರ್‌ಕುಲ್ ಮಾತ್ರ ಎದೆಗುಂದಲಿಲ್ಲ. ಈ ಊರಿನ ಪಾಯಗಳನ್ನೂ ಬಾವಿಗಳನ್ನೂ ಗೋರಿಗಳನ್ನೂ ಅವನೇ ಅಗೆದ, ತಾವೇ ನಡೆಸಿದಿರಿ. ನರಳದೆ ನಡೆಸಿದ್ದು ನನ್ನ ನೆನಪಿಗೆ ಬಾರದು, ಆದರೆ ನಡೆಸಿದ್ದಂತೂ ನಿಜ.

ಇನ್ನು ಆ ದಿನದ ವಿಷಯ. ಬೆಟ್ಟದಿಂದ ಇಳಿದ ಕೆಸರಿನ ಹೊಳೆ ನಮ್ಮ ಕಾಲುವೆಯನ್ನು ಹೂಳಿನಿಂದ ತುಂಬಿಸಿ ಹೋಗಿತ್ತು. ಬೀನ್ಸ್ ಆಗಷ್ಟೇ ಎರಡೆಲೆ ಬಿಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ಮೇಲಿನ ತೂಬು ತೆರೆದು ನಮ್ಮ ಸರದಿಯ ನೀರು ಬಿಡುವವರಿದ್ದರು. ಆ ನೀರು ನಮ್ಮ ಹೊಲ ಸೇರದಿದ್ದರೆ ಸರದಿ ಕೆಳಗಿನ ಊರಿಗೆ ಹೋಗುತ್ತದೆ, ಮತ್ತೆ ನಮ್ಮ ಕಡೆ ತಿರುಗುವ ಹೊತ್ತಿಗೆ ಆ ಎರಡೆಲೆ ಹೊಗೆಸೊಪ್ಪಿನಂತೆ ಒಣಗಿರುತ್ತದೆ. ಬೆಳಿಗ್ಗೆ ತೆಮಿರ್‌ಕುಲ್ ತಮ್ಮನ್ನು ಕಾಲುವೆಯೊಳಕ್ಕೆ ಇಳಿಸಿ ಹೂಳು ಎತ್ತತೊಡಗಿದ. ಕೆಲಸ ಮುಗಿಯುತ್ತ ಬಂತು. ಕೊನೆಯ ಗುಡ್ಡೆಯನ್ನು ಎತ್ತಿ ಹಾಕಿದ ಕೂಡಲೇ ತಾವು ಮೂರನೆಯ ಗೇರಿನಲ್ಲಿ ಒಮ್ಮೆ ಕೆಮ್ಮಿ, ಒಮ್ಮೆ ಕಟಕಟ ಹಲ್ಲು ಕಡಿದು, ‘ಟಳಕ್’ ಎಂದು ನಿಂತುಬಿಟ್ಟಿರಿ. ಗೇರಿನ ಕಡ್ಡಿ ಅತ್ತಲೂ ಹೋಗಲಿಲ್ಲ, ಇತ್ತಲೂ ಬರಲಿಲ್ಲ.

ತೆಮಿರ್‌ಕುಲ್ ಹಿಂದಿನ ತೋಳನ್ನು ನೆಲಕ್ಕೆ ಊರಿ ತಮ್ಮನ್ನು ತೆವಳಿಸಿಕೊಂಡು ದಂಡೆ ಹತ್ತಿಸಲು ನೋಡಿದ. ತಾವು ತೆವಳಿದಿರಿ. ಅದರಲ್ಲಿ ಸುಳ್ಳಿಲ್ಲ. ತೆವಳಿ, ಕಾಲು ಸುತ್ತು ತಿರುಗಿ, ಈ ದಂಡೆಯಿಂದ ಆ ದಂಡೆಯವರೆಗೆ ಅಳತೆ ತೆಗೆದು ಮಾಡಿದ ಹಾಗೆ ಅಡ್ಡಲಾಗಿ ಕೂತಿರಿ. ಸರ್ಕಾರದ ಎಂಜಿನಿಯರುಗಳು ಇಷ್ಟು ವರ್ಷಗಳಲ್ಲಿ ಕಟ್ಟಿದ ಯಾವ ಒಡ್ಡೂ ಅಷ್ಟು ಬಂದೋಬಸ್ತಾಗಿ ಕೂತಿದ್ದನ್ನು ನಾನು ಕಂಡಿಲ್ಲ. ಕಾಲುವೆಯನ್ನು ತೆರೆಯಲು ಹೋದವರೇ ಕಾಲುವೆಗೆ ಬಿರಡೆಯಾದಿರಿ. ನೀರು ಬಂದು ತಮ್ಮನ್ನು ಮುಟ್ಟಿದರೆ ದಂಡೆ ಒಡೆದು ಊರಿನ ಬೀನ್ಸ್ ಹೊಲದ ಮೇಲೆಲ್ಲ ಹರಿಯುವುದು ಖಂಡಿತವಾಗಿತ್ತು. ಬಾಯಾರಿಕೆಯಿಂದ ಸಾಯಬೇಕಾದ ಸಸಿ ಮುಳುಗಿ ಸಾಯುತ್ತಿತ್ತು, ಅಷ್ಟೇ ವ್ಯತ್ಯಾಸ.

ನಾನು ಮೇಲಿನ ತೂಬಿನವನಿಗೆ ಫೋನು ಮಾಡಿದೆ. “ಸ್ವಲ್ಪ ತಡೆಯಪ್ಪ, ಕಾಲುವೇಲಿ ಟ್ರ್ಯಾಕ್ಟರ್ ಸಿಕ್ಕಿದೆ” ಎಂದೆ. ಅವನು, “ಹೋದ ಸಲ ಕತ್ತೆ ಸಿಕ್ಕಿದೆ ಅಂದಿದ್ರಿ. ಬರ್ತಾ ಬರ್ತಾ ದೊಡ್ಡದಾಗ್ತಾ ಇದೆ ನಿಮ್ ಸುಳ್ಳು” ಎಂದು ಇಟ್ಟುಬಿಟ್ಟ.

ಹಾಗಾಗಿ ರೋಗಪರೀಕ್ಷೆ ಶುರುವಾಯಿತು. ವೈದ್ಯರು ಮೂವರು: ಯಜಮಾನನಾದ ತೆಮಿರ್‌ಕುಲ್, ನಾನು, ಮತ್ತು ನಮ್ಮ ನೆರೆಯ ಸಾಪಿಷ್. ಸಾಪಿಷನಿಗೆ ಗೊತ್ತಿಲ್ಲದ ವಿಷಯ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಅವನು ತಮ್ಮ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಕ್ಲಚ್ಚು, ಮತ್ತೇನೂ ಅಲ್ಲ” ಎಂದು ತೀರ್ಪು ಕೊಟ್ಟ. ಅದಕ್ಕೆ ತೆಮಿರ್‌ಕುಲ್, “ಕ್ಲಚ್ ತುಳಿದಾಗ ಇಂಜಿನ್ ಓಡುತ್ತೆ, ಬಿಟ್ರೆ ನಿಲ್ಲುತ್ತೆ. ತುಳ್ಕೊಂಡೇ ಇರ್ತೀನಿ, ನಿನ್ ಲಾರೀಲಿ ಎಳಿ ನೋಡೋಣ. ಚಕ್ರ ತಿರುಗಿದ್ರೆ ಕ್ಲಚ್ಚು, ತಿರುಗದೆ ಇದ್ರೆ ಪೆಟ್ಟಿಗೆ” ಎಂದ. ಸಾಪಿಷ್ ದಂಡೆಯ ಮೇಲಿನಿಂದ ಲಾರಿಗೆ ಹಗ್ಗ ಕಟ್ಟಿ ಎಳೆದ. ತಮ್ಮ ಚಕ್ರಗಳು ತಿರುಗಲಿಲ್ಲ; ಹಿಮದ ಮೇಲಿನ ಜಾರುಬಂಡಿಯ ಹಾಗೆ ಕೆಸರಿನಲ್ಲಿ ಗೆರೆ ಕೊರೆದುಕೊಂಡು ಒಂದು ಗೇಣು ಜಾರಿದವು, ಹಗ್ಗ ಕಿತ್ತುಹೋಯಿತು. ಹೀಗೆ ತಪ್ಪು ತಮ್ಮದೇ ಎಂದು ಸಿದ್ಧವಾಯಿತು. ಸಾಪಿಷ್, “ನಾನೂ ಅದೇ ಹೇಳಿದ್ದು” ಎಂದ.

ತಮ್ಮೊಳಗೆ ಏನಾಗಿದೆಯೆಂದು ತಿಳಿಯಲು ತೆಮಿರ್‌ಕುಲ್ ಕೆಳಗೆ ತೂರಿ, ತಮ್ಮ ಎಣ್ಣೆಯನ್ನೆಲ್ಲ ಬಾಣಲೆಗೆ ಇಳಿಸಿದ. ಆ ಎಣ್ಣೆ ಈಗ ಸುಲಭಕ್ಕೆ ಸಿಗುವಂಥದ್ದಲ್ಲ. ಸೋಸಿ ಮತ್ತೆ ಹಾಕಬೇಕು. ಅದಕ್ಕೆಂದು ಬಾಣಲೆಯನ್ನು ದಂಡೆಯ ಮೇಲೆ ನಿಂತಿದ್ದ ಸೊಸೆ ಜಿಪಾರಳ ಕೈಗೆ ಕೊಟ್ಟು ಕಳಿಸಿದ. ಅವಳ ಗಂಡ ಕುರಿಗಳನ್ನು ಹೊಡೆದುಕೊಂಡು ಬೆಟ್ಟದ ಹುಲ್ಲುಗಾವಲಿಗೆ ಹೋಗಿದ್ದನಾಗಿ, ಮನೆಯ ಎಳೆಯ ಕೈ ಎಂದರೆ ಅವಳೊಬ್ಬಳೇ.

ಇಲ್ಲಿ ತಮಗೆ ಒಂದು ಮಾತು ಬಿಡಿಸಿ ಹೇಳಬೇಕು, ಯಾಕೆಂದರೆ ತಾವು ಮದುವೆಯಾದವರಲ್ಲ. ನಮ್ಮಲ್ಲಿ ಸೊಸೆಯಾದವಳು ಗಂಡನ ಮನೆಯ ಹಿರಿಯ ಗಂಡಸರ ಹೆಸರನ್ನು ಹೇಳುವಂತಿಲ್ಲ. ಹೆಸರೊಂದೇ ಅಲ್ಲ, ಹೆಸರಿನೊಳಗೆ ಕೂತಿರುವ ಮಾತನ್ನೂ ಆಡುವಂತಿಲ್ಲ. ಅದಕ್ಕೆ ಬದಲಾಗಿ ತಾನೇ ಒಂದು ಮಾತು ಕಟ್ಟಿಕೊಳ್ಳಬೇಕು. ಈ ಕಾಲದ ಹುಡುಗಿಯರು ಇದನ್ನೆಲ್ಲ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಬುರ್ಮಾಕಾನಳ ಮನೆ ಹಾಗಲ್ಲ. ಅಲ್ಲಿ ಸೊಸೆಯ ಬಾಯಿ ತಪ್ಪಿದರೆ ಅವಳ ತವರಿನವರು ಸಂತೆಯಲ್ಲಿ ತಲೆ ಎತ್ತಲಾರರು. ಕಷ್ಟವೆಂದರೆ ಆ ಮನೆಯ ಹೆಸರುಗಳು. ಮಾವ ತೆಮಿರ್‌ಕುಲ್, ತೆಮಿರ್ ಎಂದರೆ ಕಬ್ಬಿಣ. ಮಾವನ ಅಣ್ಣ ಬೋಲೋತ್, ಎಂದರೆ ಉಕ್ಕು. ಮಾವನ ಅಪ್ಪ ಬಾಲ್ತಾ, ಎಂದರೆ ಕೊಡಲಿ. ಆ ಮನೆಯ ಗಂಡಸರನ್ನು ಸಾಲಾಗಿ ನಿಲ್ಲಿಸಿದರೆ ಒಂದು ಕಮ್ಮಾರಸಾಲೆ ತೆರೆಯಬಹುದು. ಜಿಪಾರ್ ಕೊಡಲಿಗೆ ‘ಸೌದೆ ಸೀಳೋದು’ ಎನ್ನುತ್ತಾಳೆ. ಉಳಿದದ್ದಕ್ಕೆ ಏನೆನ್ನುತ್ತಾಳೆಂದು ನಾವು ಗಂಡಸರು ಯಾರೂ ಕೇಳಿಕೊಂಡಿರಲಿಲ್ಲ. ಹೆಂಗಸರ ಈ ನಿಘಂಟು ಮನೆಮನೆಗೂ ಬೇರೆ. ಊಟ ಹೊತ್ತಿಗೆ ಸರಿಯಾಗಿ ಬಂದರೆ ಗಂಡಸರಿಗೆ ನಿಘಂಟಿನ ಗೊಡವೆ ಯಾಕೆ?

ಹುಡುಗಿ ಎಣ್ಣೆಯನ್ನು ಹಳೆಯ ತಲೆವಸ್ತ್ರದಲ್ಲಿ ಸೋಸಿದಳು. ಸೋಸಿದವಳು ಓಡಿಬಂದು ದಂಡೆಯ ಮೇಲೆ ನಿಂತಳು. ಅಷ್ಟರಲ್ಲಿ ತೆಮಿರ್‌ಕುಲ್ ಅಂಗಿ ಕಳಚಿ ತಮ್ಮ ಕೆಳಗೆ ಮಲಗಿದ್ದ. ಅಂಗಿಯಿಲ್ಲದ ಮಾವನ ಹತ್ತಿರ ಸೊಸೆ ಬರುವುದುಂಟೇ? ಅವಳು ನಮ್ಮ ಕಡೆಗೆ ಬೆನ್ನು ತಿರುಗಿಸಿ ನಿಂತು, ಮಾವನನ್ನು ‘ಆತಾ’, ಎಂದರೆ ಅಪ್ಪಾ, ಎಂದು ಕರೆದು ಕೂಗಿ ಹೇಳಿದಳು: “ಆತಾ! ಎಣ್ಣೆ ಸೋಸ್ದೆ! ಒಳಗಡೆ... ಕಾಯಿಸಿ ಬಡಿಯೋದು! ಕಾಯಿಸಿ ಬಡಿಯೋದು, ಆತಾ!”

ನಾನೂ ಸಾಪಿಷನೂ ಮುಖ ಮುಖ ನೋಡಿಕೊಂಡೆವು. ಸಾಪಿಷ್ ತಲೆದೂಗಿದ. “ಹುಡುಗಿ ಹೇಳೋದ್ರಲ್ಲಿ ಅರ್ಥ ಇದೆ ಕಣಯ್ಯ. ಚಳಿಗಾಲದಲ್ಲಿ ಇಂಜಿನ್ ಕೆಳಗೆ ಬೆಂಕಿ ಇಟ್ಟು ಕಾಯಿಸಲ್ವಾ? ಹಾಗೇ ಇದೂ. ಕಾಯಿಸಿ ಬಡಿದ್ರೆ ಒಳಗೆ ಕಚ್ಕೊಂಡಿರೋದು ಬಿಡುತ್ತೆ.” ತೆಮಿರ್‌ಕುಲ್ ಕೆಳಗಿನಿಂದಲೇ, “ಅವಳ ತವರಲ್ಲಿ ಹೀಗೇ ಮಾಡ್ತಾರೇನೋ” ಎಂದ. ಉರಿ ಉಗುಳುವ ಬ್ಲೋ ಲ್ಯಾಂಪ್ ಬಂತು, ದೊಡ್ಡ ಸುತ್ತಿಗೆ ಬಂತು. ತಮ್ಮ ಪಕ್ಕೆಗಳನ್ನು ನಾವು ಹೇಗೆ ಕಾಯಿಸಿದೆವು, ಹೇಗೆ ಬಡಿದೆವು ಎಂಬುದನ್ನು ತಮಗೆ ನೆನಪಿಸುವ ಅಗತ್ಯವಿಲ್ಲ. ಆ ಕಾಲದವರು ತಮ್ಮನ್ನು ಎರಕ ಹೊಯ್ಯುವಾಗ ಒಂದು ಬೆರಳು ದಪ್ಪ ಕಡಿಮೆ ಮಾಡಿದ್ದರೂ ಈ ಪತ್ರಕ್ಕೆ ವಿಳಾಸವೇ ಇರುತ್ತಿರಲಿಲ್ಲ. ದಂಡೆಯ ಮೇಲೆ ಜಿಪಾರ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು, “ಅಯ್ಯೋ, ಅದನ್ನಲ್ಲ, ಅದನ್ನಲ್ಲ!” ಎನ್ನುತ್ತಿದ್ದಳು. ಸಾಪಿಷ್, “ಯಾವ್ದನ್ನಮ್ಮ? ಈ ಕಡೇದ?” ಎಂದು ಆ ಕಡೆಗೂ ನಾಲ್ಕು ಬಿಟ್ಟ.

ಆ ಹೊತ್ತಿಗೆ ಚಹಾ, ರೊಟ್ಟಿ ಹಿಡಿದುಕೊಂಡು ಬುರ್ಮಾಕಾನ್ ಬಂದಳು. ಸೊಸೆ ಅವಳ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಬುರ್ಮಾಕಾನ್ ಚಹಾದ ಕೆಟಲ್ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳಿಗೆ ಎಲ್ಲ ಅರ್ಥವಾಗಿತ್ತು. ಆದರೆ ಸ್ವಾಮಿ, ನಮ್ಮಲ್ಲಿ ಹೆಂಡತಿಯೂ ಗಂಡನ ಹೆಸರು ಹೇಳುವುದಿಲ್ಲವಲ್ಲ! ಅವಳು ನಗುತ್ತಲೇ ಕೂಗಿದಳು: “ಬಡಿಯೋದಲ್ಲ ಕಣ್ರೋ ಮೂಢರಾ! ಇವರ ಹೆಸರಿನದು! ಅದರೊಳಗೆ ಇವರ ಹೆಸರಿನದು ಸಿಕ್ಕಿದೆ!”

ಸಾಪಿಷನ ಕೈಯಿಂದ ಸುತ್ತಿಗೆ ಜಾರಿತು. ಅವನ ಮುಖ ಮೊಸರಿನ ಬಣ್ಣಕ್ಕೆ ತಿರುಗಿತು. “ಕೇಳಿದ್ಯಾ ಬಾಯ್ಕೆ, ಕೇಳಿದ್ಯಾ ಅಣ್ಣಾ? ಹೆಸರು ಬರೆದು ಒಳಗೆ ಇಟ್ಟಿದಾರೆ! ಮಾಟ! ಕೆಳಗಿನ ಊರಿನವರದೇ ಕೆಲಸ, ನಮ್ ಸರದಿ ತಪ್ಪಿದ್ರೆ ನೀರು ಅವರಿಗೆ ತಾನೇ!” ತೆಮಿರ್‌ಕುಲ್ ಧೈರ್ಯಸ್ಥ, ಆದರೂ ತನ್ನ ಹೆಸರಿನ ಚೀಟಿ ತಮ್ಮ ಹೊಟ್ಟೆಯಲ್ಲಿದೆಯೆಂದು ಕೇಳಿದ ಮೇಲೆ ತಮ್ಮ ಕೆಳಗಿನಿಂದ ಬಹಳ ಚುರುಕಾಗಿ ಹೊರಬಂದ. ನನ್ನನ್ನು ಕಳಿಸಿ, ಮಾಟ ಬಿಡಿಸಲು ಹೊಗೆ ಹಾಕುವ ಜುನಿಪರ್ ಗಿಡದ ರೆಂಬೆಗಳನ್ನು ತರಿಸಿದರು. ಬೆಂಕಿ ಹಚ್ಚಿ, ಹೊಗೆಯನ್ನು ತಮ್ಮ ಸುತ್ತ ಮೂರು ಸುತ್ತು ತಿರುಗಿಸಿದರು. ಚಕ್ರಗಳಿಗೆ ಹೊಗೆ, ತೋಳಿಗೆ ಹೊಗೆ, ಗೇರಿನ ಕಡ್ಡಿಗೆ ವಿಶೇಷ ಹೊಗೆ. ತಾವು ಅಷ್ಟು ಹೊತ್ತೂ ತೋರಿದ ಗಾಂಭೀರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಮುಲ್ಲಾ ಸಹ ಅಷ್ಟು ಹೊಗೆಗೆ ಒಮ್ಮೆಯಾದರೂ ಕೆಮ್ಮುತ್ತಿದ್ದರು.

ನಾವು ಕಾಲುವೆಯ ತಳದಲ್ಲಿದ್ದೆವು, ಹೊಗೆಯ ನಡುವೆ. ದಂಡೆಯ ಮೇಲಿದ್ದವರಿಗೆ ಮಾತ್ರ ದೂರ ಕಾಣುತ್ತಿತ್ತು. ಮೇಲಿನ ತಿರುವಿನಲ್ಲಿ ಏನೋ ಹೊಳೆದದ್ದನ್ನು ಜಿಪಾರ್ ಕಂಡಳು. ಒಣ ಕಾಲುವೆಯಲ್ಲಿ ಮೊದಲ ನೀರು ಓಡಿಬರುವುದಿಲ್ಲ. ಮಣ್ಣಿಗೆ ಕುಡಿಸುತ್ತ, ಒಣಹುಲ್ಲನ್ನೂ ಕುರಿಹಿಕ್ಕೆಯನ್ನೂ ಮುಂದೆ ತಳ್ಳಿಕೊಂಡು, ಮುದುಕಿ ಸಂತೆಗೆ ಬಂದಹಾಗೆ ನಿಧಾನವಾಗಿ ಬರುತ್ತದೆ. ಆದರೆ ಬಂದೇ ಬರುತ್ತದೆ. ಹುಡುಗಿ ಒಮ್ಮೆ ನೀರನ್ನು ನೋಡಿದಳು, ಒಮ್ಮೆ ಅತ್ತೆಯನ್ನು ನೋಡಿದಳು. ಆಮೇಲೆ ಎಣ್ಣೆಯ ವಸ್ತ್ರವನ್ನು ಮುಷ್ಟಿಯಲ್ಲಿ ಹಿಡಿದು ದಂಡೆಯಿಂದ ಜಾರಿ, ಹೊಗೆಯೊಳಕ್ಕೆ ನುಗ್ಗಿ, ಅಂಗಿಯಿಲ್ಲದ ಮಾವನ ಎದುರಿಗೇ ನಿಂತು, ಊರಿಗೆಲ್ಲ ಕೇಳುವಂತೆ ಕಿರುಚಿದಳು:

“ತೆಮಿರ್! ತೆಮಿರ್! ತೆಮಿರ್ ಹಲ್ಲು ಮುರಿದಿದೆ!”

ಮಾನ್ಯರೇ, ಆ ಕೂಗನ್ನು ತಾವು ಸಹ ಒಳಗಿಂದ ಕೇಳಿರಬೇಕು. ಬುರ್ಮಾಕಾನ್ ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡಳು. ದಂಡೆಯ ಮೇಲಿನ ಹೆಂಗಸರಲ್ಲಿ ಒಬ್ಬಳು “ಥೂ, ಥೂ” ಎಂದು ಎದೆಗೆ ಉಗಿದುಕೊಂಡಳು. ತೆಮಿರ್‌ಕುಲ್ ನಾಲಿಗೆಯನ್ನು ಒಸಡಿನ ಸುತ್ತ ಒಮ್ಮೆ ತಿರುಗಿಸಿ ನೋಡಿಕೊಂಡು, “ಇಲ್ವಲ್ಲ, ಎಲ್ಲಾ ಇವೆಯಲ್ಲ” ಎಂದ. ಆಗ ಅವಳು ವಸ್ತ್ರವನ್ನು ಬಿಚ್ಚಿ ಅವನ ಮುಂದೆ ಹಿಡಿದಳು. ಕಪ್ಪು ಎಣ್ಣೆಯ ನಡುವೆ ಕಬ್ಬಿಣದ ಚೂರುಗಳು, ಅವಳ ನಿಘಂಟಿನ ‘ಕಾಯಿಸಿ ಬಡಿಯೋದು’, ಹೊಳೆಯುತ್ತಿದ್ದವು; ಒಂದು ಚೂರಂತೂ ಹಲ್ಲಿನ ತುದಿಯೆಂದು ಎಳೆಮಗುವಿಗೂ ಗೊತ್ತಾಗುವಂತಿತ್ತು. ಅವನು ಅದನ್ನು ನೋಡಿದ. ಅವಳ ಮುಖ ನೋಡಲಿಲ್ಲ. “ಮೇಲಿನ ಮುಚ್ಚಳ ಬಿಚ್ಚಿ” ಎಂದನಷ್ಟೇ. ಆ ಕ್ಷಣದಲ್ಲಿ ನನಗೆ ನೀರು, ಬೀನ್ಸ್, ತಾವು, ಯಾವುದರ ಚಿಂತೆಯೂ ಇರಲಿಲ್ಲ. ಈ ಮನುಷ್ಯ ಇವತ್ತು ಸಂಜೆ ಸೊಸೆಯನ್ನು ತವರಿಗೆ ಕಳಿಸದಿದ್ದರೆ ಸಾಕು ಎನ್ನಿಸುತ್ತಿತ್ತು.

ತುಕ್ಕು ಹಿಡಿದ ಬೋಲ್ಟುಗಳು ಒಂದೊಂದೂ ಬೆಣ್ಣೆಯಲ್ಲಿ ನೆಟ್ಟಂತೆ ಬಿಚ್ಚಿಕೊಂಡವು. ನಾವು ಕಾಯಿಸಿ ಬಡಿದದ್ದರ ಫಲ ಅದು. ಸಾಪಿಷ್ ಅದನ್ನು ಇಂದಿಗೂ ಎಲ್ಲರಿಗೂ ಹೇಳುತ್ತಾನೆ, ತಾವೂ ಸಾಕ್ಷಿ ಹೇಳಬೇಕಂತೆ. ಮುಚ್ಚಳ ಎತ್ತಿದಾಗ ತಮ್ಮ ಮೂರನೆಯ ಗೇರಿನ ಚಕ್ರದಲ್ಲಿ ಒಂದು ಹಲ್ಲು ಬುಡಸಹಿತ ಹೋಗಿತ್ತು, ಪಕ್ಕದ್ದು ಅರ್ಧ ಹೋಗಿತ್ತು. ಹೋದ ಹಲ್ಲು ಎರಡು ಚಕ್ರಗಳ ನಡುವೆ ಬೆಣೆಯಂತೆ ಸಿಕ್ಕಿಕೊಂಡು ಎರಡನ್ನೂ ಕಚ್ಚಿ ಹಿಡಿದಿತ್ತು. ತಾವು ತಮ್ಮ ಹಲ್ಲಿನಿಂದ ತಮ್ಮನ್ನೇ ಕಚ್ಚಿಕೊಂಡಿದ್ದಿರಿ. ಇಂಥ ಸ್ವಾವಲಂಬನೆ ಮನುಷ್ಯರಲ್ಲಿ ಅಪರೂಪ. ತೆಮಿರ್‌ಕುಲ್ ಚಕ್ರವನ್ನು ಸನ್ನೆಕೋಲಿನಿಂದ ಕೂದಲೆಳೆಯಷ್ಟು ಹಿಂದಕ್ಕೆ ಮೀಟಿದ, ಜಿಪಾರ್ ತನ್ನ ಸಣ್ಣ ಕೈಯನ್ನು ಒಳಗೆ ತೂರಿಸಿ ಹಲ್ಲನ್ನು ಕಿತ್ತುಕೊಂಡಳು. ಅವಳು ಸೋಸಿದ ಎಣ್ಣೆಯನ್ನೇ ಮತ್ತೆ ಸುರಿದೆವು. ನೀರು ತಮ್ಮ ಮುಂದಿನ ಚಕ್ರದ ಬಳಿ ಬಂದು ಹುಲ್ಲುಕಡ್ಡಿಗಳಿಂದ ಮೂಸುತ್ತಿರುವಾಗ ತಾವು ಒಂದನೆಯ ಗೇರಿನಲ್ಲಿ ದಂಡೆ ಹತ್ತಿದಿರಿ. ನೀರು ತಮ್ಮ ಚಕ್ರದ ಗುರುತುಗಳನ್ನು ತುಂಬಿಸಿಕೊಂಡು, ಏನೂ ಆಗದವರ ಹಾಗೆ ಹೊಲದ ಕಡೆಗೆ ಹೋಯಿತು.

ಎಲ್ಲರೂ ದಂಡೆಯ ಮೇಲೆ ಕೂತು ಆರಿದ ಚಹಾ ಕುಡಿದರು. ಜಿಪಾರ್ ಮಾತ್ರ ಕೂರದೆ, ಎಲ್ಲರಿಂದ ದೂರ, ಕೈಯ ಎಣ್ಣೆಯನ್ನು ಮರಳಿನಲ್ಲಿ ಉಜ್ಜುತ್ತಲೇ ಇದ್ದಳು. ತೆಮಿರ್‌ಕುಲ್ ಅಂಗಿ ತೊಟ್ಟು, ಗುಂಡಿ ಹಾಕಿಕೊಂಡು, ಅವಳನ್ನು ಹತ್ತಿರ ಕರೆದ. “ಮಗಳೇ,” ಎಂದ, “ಆಗ ಏನೋ ಅಂದ್ಯಲ್ಲ. ಇನ್ನೊಂದ್ ಸಲ ಹೇಳು.” ಅವಳು ತಲೆ ತಗ್ಗಿಸಿ, “ತಪ್ಪಾಯ್ತು ಆತಾ” ಎಂದಳು. ಅವನು, “ತಪ್ಪಲ್ಲಮ್ಮ. ಹುಡುಗ್ರು ‘ಬಾಯ್ಕೆ’ ಅಂತಾರೆ, ಮಗ ‘ಆತಾ’ ಅಂತಾನೆ, ಇವಳು ‘ಇಲ್ ಕೇಳಿ’ ಅಂತಾಳೆ. ಬರೀ ‘ತೆಮಿರ್’ ಅಂತ ಕೂಗ್ತಾ ಇದ್ದೋಳು ನಮ್ಮವ್ವ ಒಬ್ಬಳೇ. ಅವಳು ಹೋದ್ಮೇಲೆ ಇವತ್ತೇ ಕೇಳಿದ್ದು. ಮೊದಲು ನನಗೆ ಅವಳೇ ಕರೆದ ಹಾಗಾಯ್ತು” ಎಂದ. ಹುಡುಗಿ ಕೆಟಲ್ ಎತ್ತಿಕೊಂಡು ಮನೆಗೆ ಓಡಿದಳು. ಆಮೇಲೆ ಬುರ್ಮಾಕಾನ್, ಕಾಲುವೆಯ ನೀರನ್ನೇ ನೋಡುತ್ತ, ರೊಟ್ಟಿಯ ಚೂರುಗಳನ್ನು ಬಟ್ಟೆಗೆ ಕಟ್ಟುತ್ತ, “ಏಳು ತೆಮಿರ್, ಬಿಸಿಲು ಇಳೀತು” ಎಂದಳು.

ಇಷ್ಟೆಲ್ಲ ಆದರೂ ನನ್ನ ದೂರು ದೂರೇ. ಮೂರನೆಯ ಗೇರಿನ ದಾರಿಗೆ ತೆಮಿರ್‌ಕುಲ್ ಈಗ ಒಂದು ಪಟ್ಟಿಯನ್ನು ಬೆಸೆದು ಅಡ್ಡ ಹಾಕಿದ್ದಾನೆ. ಹಾಗಾಗಿ ತಾವು ದಾರಿಯಲ್ಲಿ ಹೋಗುವಾಗ ಕತ್ತೆಗಳು ಹಿಂದಿನಿಂದ ಬಂದು, ತಮ್ಮನ್ನು ದಾಟಿ, ತಿರುಗಿ ನೋಡುತ್ತವೆ. ಅಂಥ ಗೇರಿನ ಚಕ್ರ ಸುತ್ತಲ ಯಾವ ಗುಜರಿಯಲ್ಲೂ ಸಿಗಲಿಲ್ಲ. ಮಕ್ಕಳ ಹಾಲುಹಲ್ಲು ಬಿದ್ದಾಗ ಮಾಡುವಂತೆ ತಮ್ಮ ಹಲ್ಲನ್ನೂ ಕುರಿಬಾಲದ ಕೊಬ್ಬಿನಲ್ಲಿ ಸುತ್ತಿ ನಾಯಿಗೆ ಹಾಕಿದೆವು. ನಾಯಿ ಕೊಬ್ಬು ತಿಂದು ಹಲ್ಲನ್ನು ಉಗುಳಿತು. ಆದರೂ ವಿಧಿ ವಿಧಿಯೇ. ಮುಂದಿನ ಹೂಳೆತ್ತುವ ಕಾಲದೊಳಗೆ ಹೊಸ ಹಲ್ಲು ಮೂಡಿಸಿಕೊಳ್ಳಬೇಕೆಂದು ಗ್ರಾಮದ ಪರವಾಗಿ ಕೋರುತ್ತೇನೆ. ಅಲ್ಲದೆ, ಮುಂದೆ ಕೆಡುವ ಮನಸ್ಸಾದರೆ ದಯವಿಟ್ಟು ಯಾರ ಹೆಸರೂ ಅಲ್ಲದ ವಸ್ತುವಿನಲ್ಲಿ ಕೆಡಬೇಕು. ರಬ್ಬರಿನಲ್ಲಿ ಕೆಡಿ, ಆಕ್ಷೇಪಣೆ ಇಲ್ಲ. ನಮ್ಮೂರಿನಲ್ಲಿ ರಬ್ಬರ್ ಎಂಬ ಹೆಸರಿನ ಮಾವ ಇನ್ನೂ ಯಾರಿಗೂ ಇಲ್ಲ.

ತಮ್ಮ ಒಂದನೆಯ, ಎರಡನೆಯ ಮತ್ತು ಹಿಂದಕ್ಕೆ ಹೋಗುವ ಗೇರುಗಳ ವಿಶ್ವಾಸಿ,
ಎಸೆಂಗುಲ್
ನೀರುಗಂಟಿ, ಎಕಿ-ತೆರೆಕ್

ಮರೆತ ಮಾತು: ತಾವು ಹಚ್ಚಿದ ಈ ರೋಗ ಬೇಲಿ ದಾಟಿದೆ. ಸಾಪಿಷನ ಹೆಂಡತಿ ನಿನ್ನೆ ಅಂಗಳದಲ್ಲಿ ನಿಂತು “ಸಾಪಿಷ್! ಸಾಪಿಷ್!” ಎಂದು ಕೂಗಿದಳಂತೆ. ಮದುವೆಯಾದಾಗಿನಿಂದ ಆ ಬಾಯಲ್ಲಿ ಆ ಹೆಸರು ಕೇಳಿರದ ಪುಣ್ಯಾತ್ಮ, ಬೇರೆ ಯಾರನ್ನೋ ಕರೆಯುತ್ತಿದ್ದಾಳೆಂದು ಒಳಗೇ ಕೂತಿದ್ದನಂತೆ. ಸ್ವಲ್ಪ ಹೊತ್ತಾದ ಮೇಲೆ, ಆ ಸಾಪಿಷ್ ಯಾರೆಂದು ವಿಚಾರಿಸಲು ಕೈಯಲ್ಲಿ ದೊಣ್ಣೆ ಹಿಡಿದುಕೊಂಡು ಹೊರಗೆ ಬಂದನಂತೆ.